ಸಂಜೆಗೆ ಕೆಡವುವ ಗೋಡೆ

ತರಬೇತಿ ಕೇಂದ್ರದಲ್ಲಿ ನನ್ನ ಹೆಸರು ಬರೆಸಿದ್ದು ತಂಡ ಭರ್ತಿ ಮಾಡುವುದಕ್ಕೆ, ಅಷ್ಟೇ. ಹೆಂಗಸರಿಗೆ ಗೌಂಡಿ ಕೆಲಸ, ಅಂದರೆ ಇಟ್ಟಿಗೆ ಕಟ್ಟಿ ಗೋಡೆ ಎಬ್ಬಿಸುವ ಕೆಲಸ, ಕಲಿಸುತ್ತಾರೆಂದು ಪಟಾನ್‌ಚೆರುವಿನ ನಮ್ಮ ಓಣಿಗೆಲ್ಲ ಸುದ್ದಿ ಬಂದಿತ್ತು. ಆದರೆ ಇಷ್ಟು ಜನ ಸೇರಿದರೆ ಮಾತ್ರ ಪಾಠ ಶುರು ಎಂಬುದು ಕೇಂದ್ರದವರ ನಿಯಮ, ಮತ್ತು ಒಬ್ಬರು ಕಡಿಮೆ ಬೀಳುತ್ತಿದ್ದರು. ನಾನು ಗೃಹಿಣಿ. ಊರ ಮನೆಯ ಅಂಗಳದಲ್ಲಿ ಒಲೆ ಹೂಡಲು ಇಟ್ಟಿಗೆ ಜೋಡಿಸಿದ್ದು ಬಿಟ್ಟರೆ ಇಟ್ಟಿಗೆಗೂ ನನಗೂ ಬಳಕೆ ಇರಲಿಲ್ಲ. ಆದರೂ ಹೋಗಿ ಆಧಾರ್ ಕಾರ್ಡು ತೋರಿಸಿ ಹೆಬ್ಬೆರಳು ಒತ್ತಿ ಬಂದೆ. ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಆ ತಂಡ ಶುರುವಾಗಲೇಬೇಕಿತ್ತು.

ನಾವು ರಾಯಚೂರು ಜಿಲ್ಲೆಯ ಕಡೆಯವರು, ದುಡಿಮೆಗೆಂದು ಈ ತೆಲುಗು ಸೀಮೆಗೆ ಬಂದವರು. ನಮ್ಮನೆಯವರು ಇಲ್ಲಿನ ಔಷಧಿ ಕಾರ್ಖಾನೆಯೊಂದರ ಗೋದಾಮಿನಲ್ಲಿದ್ದಾರೆ. ಮೈದುನ ಗಚ್ಚಿಬೌಲಿ ಕಡೆ ಏಳುವ ದೊಡ್ಡ ಕಟ್ಟಡಗಳಲ್ಲಿ ಕಬ್ಬಿಣದ ಸಲಾಕೆ ಕಟ್ಟುತ್ತಾನೆ. ಎರಡು ಕುಟುಂಬಕ್ಕೂ ಅಕ್ಕಪಕ್ಕದ ಕೋಣೆಗಳು, ಒಂದೇ ಅಡುಗೆ. ಅಡುಗೆ, ಮಕ್ಕಳು, ದೇವರು, ಇವು ನನ್ನ ಪಾಲಿಗೆ. ನೆಗೆಣ್ಣಿ ಮದುವೆಯಾಗಿ ಬಂದಾಗಿನಿಂದ ಗಂಡನ ಜೊತೆ ಸೈಟಿಗೆ ಹೋಗುತ್ತಿದ್ದಳು. ಅವಳ ಕೆಲಸ ಬುಟ್ಟಿ ಹೊರುವುದು. ಕೆಳಗೆ ಸಿಮೆಂಟು ಮರಳು ಕಲಸಿದ ಮಾಲನ್ನು ಕಬ್ಬಿಣದ ಬುಟ್ಟಿಯಲ್ಲಿ ತುಂಬಿಸಿಕೊಂಡು, ತಲೆಯ ಮೇಲೆ ಸಿಂಬೆ ಇಟ್ಟು, ಗೌಂಡಿಗಳು ಗೋಡೆ ಕಟ್ಟುತ್ತಿರುವ ಮಾಳಿಗೆಗೆ ಏರುವುದು, ಸುರಿದು ಇಳಿಯುವುದು.

ಆ ವರ್ಷ ಅವಳ ಕತ್ತು ಹಿಡಿದುಕೊಂಡಿತು. ಮೊದಲು ಎಣ್ಣೆ ತೀಡಿದೆವು, ಆಮೇಲೆ ಬಿಸಿ ಉಪ್ಪಿನ ಗಂಟು ಇಟ್ಟೆವು. ಬಲಗೈ ಜೋಮು ಹಿಡಿದು ಚೊಂಬು ಕೈಯಿಂದ ಜಾರತೊಡಗಿ, ಕೈ ಮೇಲೆತ್ತಲಾಗದೆ ಅವಳ ಜಡೆಯನ್ನೂ ನಾನೇ ಹಾಕುವಂತಾದ ಮೇಲೆ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಫೋಟೋ ತೆಗೆಸಿ ನೋಡಿ, ತಲೆಯ ಮೇಲೆ ಇನ್ನು ಒಂದು ಬುಟ್ಟಿಯೂ ಬೇಡ, ಹೊತ್ತರೆ ಈ ಕೈ ಕೆಲಸಕ್ಕೆ ಬಾರದೆ ಹೋದೀತು ಅಂದರು. ಅಪರೇಷನ್ ಮಾತು ಎತ್ತಲಿಲ್ಲ. ದೇವರು ಅಷ್ಟಾದರೂ ಉಳಿಸಿದ ಎಂದು ನಾನು ಅಲ್ಲೇ ಗೋಡೆಯ ಮೇಲಿದ್ದ ಸಾಯಿಬಾಬಾ ಕ್ಯಾಲೆಂಡರಿಗೆ ಕೈ ಮುಗಿದೆ.

ಮನೆಯಲ್ಲಿ ಇರು, ಇಬ್ಬರು ಗಂಡಸರ ದುಡಿಮೆ ಇದೆ ಎಂದು ನಮ್ಮನೆಯವರು ಹೇಳಿದರು. ಅವಳು ಕೇಳುವವಳಲ್ಲ.

"ಮನ್ಯಾಗ ಕುಂತ್ರ ಬ್ಯಾರೆ ಜಡ್ಡು ಹತ್ತತೈತಿ ನನಗ," ಅಂದಳು. "ಕೈ ಇನ್ನಾ ಅದಾವ. ಕುತಿಗಿ ಒಂದೇ ಹೋಗೈತಿ."

ಅವಳ ಸೈಟಿನ ಮೇಸ್ತ್ರಿ ಒಂದು ಮಾತು ಹೇಳಿ ಕಳಿಸಿದ್ದ. ಕಂಪನಿಯವರು ಈಗ ಪ್ರತಿ ಕೆಲಸಕ್ಕೂ ಕಾಗದ ಕೇಳುತ್ತಾರೆ, ತರಬೇತಿ ಮುಗಿಸಿ ಪರೀಕ್ಷೆ ಪಾಸಾದ ಸರ್ಟಿಫಿಕೇಟು ತಂದರೆ ಹೆಂಗಸಾದರೂ ಸರಿ, ಕರಣಿ ಕೈಗೆ ಕೊಡುತ್ತೇನೆ. ತರದಿದ್ದರೆ ಬುಟ್ಟಿ ಬಿಟ್ಟು ಬೇರೆ ಕೆಲಸ ನನ್ನ ಬಳಿ ಇಲ್ಲ, ಎಂದು. ಕರಣಿ ಅಂದರೆ ಗೌಂಡಿಗಳು ಮಾಲು ಹಾಕುವ, ಎಲೆಯ ಆಕಾರದ ಆ ಉಕ್ಕಿನ ಕೈ. ಹೀಗಾಗಿ ಅವಳಿಗೆ ದಾರಿ ಒಂದೇ ಉಳಿದಿತ್ತು. ಮತ್ತು ಅದಕ್ಕೆ ನನ್ನ ಹೆಬ್ಬೆರಳು ಬೇಕಾಯಿತು.

ಮೈದುನನಿಗೆ ಇದು ವಾರಗಟ್ಟಲೆ ನಗುವ ವಿಷಯವಾಯಿತು. "ವೈನಿ, ಇನ್ನ ಮ್ಯಾಲೆ ರೊಟ್ಟಿನೂ ಗೋಡಿ ಹಂಗ ದಾರ ಹಿಡದ ಬಡೀತೀರೇನು?" ಎಂದು ಊಟಕ್ಕೆ ಕುಂತಾಗಲೆಲ್ಲ ಕೇಳುತ್ತಿದ್ದ. ನಾನು ರೊಟ್ಟಿ ಹಾಕುವುದನ್ನು ನಿಲ್ಲಿಸಿ ಅವನ ಮುಖ ನೋಡಿದರೆ ತಾಟಿಗೆ ಬಗ್ಗುತ್ತಿದ್ದ.

ಬೆಳಗಿನ ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ನಾವಿಬ್ಬರೂ ಬಸ್ಸು ಹಿಡಿಯುತ್ತಿದ್ದೆವು. ಕೇಂದ್ರವೆಂದರೆ ತಗಡಿನ ಎತ್ತರದ ಶೆಡ್ಡು, ಪಕ್ಕದಲ್ಲಿ ಬೋರ್ಡು ಬೆಂಚು ಇದ್ದ ಒಂದು ಕೋಣೆ. ಹಳದಿ ಹೆಲ್ಮೆಟ್ಟು ಎಲ್ಲರಿಗೂ. ನನ್ನ ತುರುಬಿನ ಮೇಲೆ ಅದು ಕೂರದೆ ಜಾರುತ್ತಿತ್ತು. ಕಡೆಗೆ ತುರುಬು ಬಿಚ್ಚಿ ಜಡೆ ಹಾಕಿಕೊಂಡೆ. ಕಲಿಸುವ ಮಾಸ್ತರು ತೆಲುಗಿನವರು, ಗೌಂಡಿ ಕೆಲಸ ಮಾಡುತ್ತಲೇ ಮಾಸ್ತರಾದವರು. ನಮ್ಮ ಜೊತೆಗಿದ್ದ ಹೆಂಗಸರಲ್ಲಿ ಅರ್ಧ ಜನ ತೆಲುಗಿನವರು, ಉಳಿದವರು ನಮ್ಮ ಕಡೆಯವರು. ಎಲ್ಲರೂ ತೆಲುಗು, ಹಿಂದಿ, ಕನ್ನಡ ಕಲಸಿಕೊಂಡು ಮಾತಾಡುತ್ತಿದ್ದೆವು. ಮಾಲಿನಷ್ಟೇ ಚೆನ್ನಾಗಿ ಬೆರೆಯುತ್ತಿತ್ತು ಅದು.

ಮೊದಲ ದಿನಗಳು ಕೋಣೆಯಲ್ಲೇ ಕಳೆದವು. ಬೀಳದಂತೆ ನಡೆಯುವುದು ಹೇಗೆ, ಬೂಟು ಯಾಕೆ ಹಾಕಬೇಕು, ಇಟ್ಟಿಗೆಗೆ ನೀರು ಯಾಕೆ ಕುಡಿಸಬೇಕು. ಒಣ ಇಟ್ಟಿಗೆ ಮಾಲಿನ ನೀರನ್ನೆಲ್ಲ ಹೀರಿಬಿಡುತ್ತದೆ, ಆಮೇಲೆ ಹಿಡಿತ ಬರುವುದಿಲ್ಲ ಎಂದು ಮಾಸ್ತರು ಹೇಳಿದ್ದು ನನಗೆ ಕೂಡಲೆ ತಿಳಿಯಿತು. ಒಣ ಹಿಟ್ಟು ಉದುರಿಸಿದ ಕಡೆ ರೊಟ್ಟಿ ಬಿರುಕು ಬಿಡುತ್ತದಲ್ಲ.

ಶೆಡ್ಡಿನೊಳಗೆ ಗೋಡೆ ಕಟ್ಟುವ ದಿನ ಬಂತು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಎಲ್ಲರೂ ಸೇರಿ ಒಂದು ಗೋಡೆ, ಇಲ್ಲಿಂದ ಇಲ್ಲಿಗೆ, ಸೊಂಟದ ಎತ್ತರ ಎಂದರು ಮಾಸ್ತರು. ನನಗೆ ಆವತ್ತು ಯಾವ ಯೋಚನೆಯೂ ಬರಲಿಲ್ಲ. ಗೋಡೆ ಎಬ್ಬಿಸುವಾಗ ಏನು ಮಾಡುತ್ತಾರೋ ಅದನ್ನು ಮಾಡಿದೆ. ಬೆಳಿಗ್ಗೆ ಪೂಜೆಯಾದ ಮೇಲೆ ಚೀಲದಲ್ಲಿ ಅರಿಶಿನ ಕುಂಕುಮದ ಡಬ್ಬಿ ಇಟ್ಟುಕೊಂಡೇ ಬಂದಿದ್ದೆ. ಈಶಾನ್ಯ ಮೂಲೆ ಯಾವುದೆಂದು ಕೇಳಿ, ಅಲ್ಲಿ ಮೊದಲ ಇಟ್ಟಿಗೆಗೆ ಅರಿಶಿನ ಬಳಿದು ಕುಂಕುಮ ಇಟ್ಟೆ. ಅರಿಶಿನ ಕಲಸಿ ಬೆರಳಿನಷ್ಟು ಬೆನಕನನ್ನು ಮಾಡಿದೆ. ಶೆಡ್ಡಿನ ಹೊರಗಿನಿಂದ ಒಬ್ಬಾಕೆ ಗರಿಕೆ ಕಿತ್ತು ತಂದು ಕೊಟ್ಟಳು, ಅದನ್ನು ಚುಚ್ಚಿ ಕೂರಿಸಿದೆ. ಊದಿನಕಡ್ಡಿ ಹಚ್ಚಿದೆ. ಎಲ್ಲರೂ ಕೈ ಮುಗಿದರು. ಮಾಸ್ತರೂ ಬೂಟು ಬಿಚ್ಚಿಟ್ಟು, ಇಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇಂಥ ತಂಡ ಈ ಹಿಂದೆ ಬಂದಿರಲಿಲ್ಲ, ಒಳ್ಳೆಯದಾಯಿತು ಅಂದರು. ಬೆನಕನನ್ನು ಇಟ್ಟಿಗೆಯ ಪಕ್ಕದ ಸಂದಿಯಲ್ಲಿ ಇಟ್ಟು ಗೋಡೆ ಎಬ್ಬಿಸಿದೆವು. ಮೊದಲ ಗೋಡೆಗೆ ಚೆನ್ನಾಗಿಯೇ ಬಂದಿತ್ತು. ಒಂದು ಕಡೆ ಸ್ವಲ್ಪ ಹೊಟ್ಟೆ ಬಿಟ್ಟಿತ್ತು, ಅದು ನಾನು ಕಟ್ಟಿದ ಕಡೆ.

ಸಂಜೆ ಮಾಸ್ತರು ಕೈ ತಟ್ಟಿ, ಸರಿ, ಈಗ ಮೇಲಿನ ಸಾಲಿನಿಂದ ಬಿಚ್ಚಿ, ಇಟ್ಟಿಗೆ ಕೆರೆದು ಪೇರಿಸಿಡಿ ಅಂದರು.

ಯಾರೂ ಅಲುಗಲಿಲ್ಲ. ಕಲಿಯುವ ಗೋಡೆಗೆ ಸಿಮೆಂಟು ಹಾಕುವುದಿಲ್ಲ, ಸುಣ್ಣ ಮರಳು ಮಾತ್ರ, ಅದೇ ಇಟ್ಟಿಗೆ ಮರುದಿನಕ್ಕೆ ಬೇಕು, ಪ್ರತಿ ತಂಡವೂ ಪ್ರತಿ ಸಂಜೆ ಬಿಚ್ಚುತ್ತದೆ ಎಂದು ಅವರು ವಿವರಿಸಿದರು. ಅದು ನಮಗೆ ಮೊದಲೇ ಗೊತ್ತಿತ್ತು, ಕೋಣೆಯಲ್ಲಿ ಹೇಳಿದ್ದರು. ಆದರೆ ಕುಂಕುಮ ಹಚ್ಚಿದ ಮೇಲೆ ಅದು ಕಲಿಯುವ ಗೋಡೆಯಾಗಿ ಉಳಿದಿರಲಿಲ್ಲ. ಒಬ್ಬಳು ಕರಣಿಯನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಬೆನಕನನ್ನು ಕೂರಿಸಿದ ಗೋಡೆಯನ್ನು ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಕೆಡವಿದರೆ ಕಟ್ಟಿದವರ ಮನೆಗೆ ಒಳ್ಳೆಯದಲ್ಲ, ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮಾಸ್ತರು ಸಿಟ್ಟಿನಿಂದ ತಾವೇ ಮೇಲಿನ ಇಟ್ಟಿಗೆಗೆ ಕೈ ಹಾಕಿದರು. ಆಮೇಲೆ ಕೈ ತೆಗೆದರು. ಅವರ ಮನೆಯಲ್ಲಿ ಮಗಳು ಬಸುರಿ ಎಂದು ನಮಗೆ ಆಮೇಲೆ ತಿಳಿಯಿತು. ಕೇಂದ್ರದ ಕಾವಲಿನ ಚಾಚಾನನ್ನು ಕರೆದರು. ಅವರು ಒಳಗೆ ಬಂದು ಗೋಡೆಯನ್ನೂ ನಮ್ಮನ್ನೂ ನೋಡಿ, "ನಿಮ್ಮ ದೇವ್ರು, ನಿಮ್ಮ ಗೋಡಿ. ನನ್ಗ್ಯಾಕ್ರೀ ಬೇಕು ಈ ಲಫಡಾ?" ಎಂದು ಗೇಟಿಗೆ ವಾಪಸು ಹೋದರು.

ಗೋಡೆ ನಿಂತಿತು.

ಮರುದಿನ ಉಳಿದ ಇಟ್ಟಿಗೆಯಲ್ಲಿ ಮೊಣಕಾಲೆತ್ತರದ ತುಂಡು ಗೋಡೆ ಕಟ್ಟಿ ಬಿಚ್ಚಿದೆವು. ಅದರ ಮರುದಿನವೂ ಅಷ್ಟೇ. ಎರಡು ಗೋಡೆ ಕೂಡುವ ಮೂಲೆ ಕಟ್ಟುವುದನ್ನು ಕಲಿಯಬೇಕಿತ್ತು, ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ, ಅದಕ್ಕೆ ಇಟ್ಟಿಗೆ ಸಾಲದು. ಹೊಸ ಇಟ್ಟಿಗೆ ತರಿಸಲು ಮೇಲಿನವರ ಒಪ್ಪಿಗೆ ಬೇಕು, ಯಾಕೆಂದು ಕೇಳಿದರೆ ಏನು ಬರೆಯಲಿ ಎಂದು ಮಾಸ್ತರು ತಲೆ ಕೆರೆದುಕೊಂಡರು. ಸುಣ್ಣದ ಮಾಲು ದಿನ ಹೋದಂತೆ ಗಟ್ಟಿಯಾಗುತ್ತದೆ, ಇನ್ನಷ್ಟು ಬಿಟ್ಟರೆ ಇಟ್ಟಿಗೆ ಒಡೆಯದೆ ಬಿಚ್ಚಲಿಕ್ಕಾಗುವುದಿಲ್ಲ ಎಂದೂ ಹೇಳಿದರು. ಬಸ್ಸಿನಲ್ಲಿ ನೆಗೆಣ್ಣಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಯಕ್ಕಾ," ಅಂದಳು ಕಡೆಗೆ, "ಕುಂಕುಮ ಹಚ್ಚಿದಾಕಿ ನೀನು. ಬಿಡಿಸೋದೂ ನೀನೇ ನೋಡು. ನನಗ ಮೂಲಿ ಕಟ್ಟಾಕ ಬರಬೇಕು."

ಮರುದಿನ ಬೆಳಿಗ್ಗೆ ಮನೆಯ ದೇವರ ಮುಂದೆ ಕೂತು ಯೋಚಿಸಿದೆ. ಯಾರನ್ನೂ ಕೇಳಲಿಲ್ಲ. ಪೂಜಾರಿಯನ್ನು ಕೇಳಿದರೆ ಅವನೊಂದು ಹೇಳುತ್ತಾನೆ, ಅದಕ್ಕೆ ಸಾಮಾನು ಹೇಳುತ್ತಾನೆ. ನಮ್ಮ ಮನೆಗೆ ಬೆನಕ ಪ್ರತಿ ಶುಭಕಾರ್ಯಕ್ಕೂ ಬರುತ್ತಾನೆ, ಕೆಲಸ ಮುಗಿದ ಮೇಲೆ ಅವನನ್ನು ಸ್ವಲ್ಪ ಸರಿಸಿ, ಅಕ್ಕಿಕಾಳು ಹಾಕಿ, ಹೋಗಿ ಬಾರಪ್ಪ ಎಂದು ತುಳಸಿ ಗಿಡದ ಬುಡಕ್ಕೆ ಬಿಡುತ್ತೇವೆ. ಇಲ್ಲಿನವರು ಭಾದ್ರಪದದಲ್ಲಿ ಮನೆಯೆತ್ತರದ ಗಣಪತಿಯನ್ನೇ ಡೊಳ್ಳು ಬಾರಿಸಿಕೊಂಡು ಹೋಗಿ ಕೆರೆಗೆ ಬಿಡುವುದಿಲ್ಲವೇ. ಕರೆದದ್ದೇ ಆಯಿತು, ಬೀಳ್ಕೊಡದೆ ಗೋಡೆಯೊಳಗೆ ಕೂಡಿಹಾಕಿದ್ದು ನಮ್ಮ ಅರೆಬರೆ ಕೆಲಸ. ಅದು ಹೊಳೆದ ಮೇಲೆ ನನಗೆ ಹಗುರವಾಯಿತು. ಬೇಡಿಕೊಂಡದ್ದಕ್ಕೆ ದೇವರು ಉತ್ತರ ಕೊಡುವುದು ಹೀಗೆಯೇ ಎಂದು ನಾನು ತಿಳಿದಿದ್ದೇನೆ. ಹೊಸದೇನನ್ನೂ ಹೇಳುವುದಿಲ್ಲ, ಮನೆಯಲ್ಲಿ ಇದ್ದದ್ದನ್ನೇ ತೋರಿಸುತ್ತಾನೆ.

ಅಕ್ಷತೆ ಕಟ್ಟಿಕೊಂಡು ಹೋದೆ. ಎಲ್ಲರನ್ನೂ ನಿಲ್ಲಿಸಿ, ಮೂಲೆಯ ಸಂದಿಗೆ ನೀರು ಚಿಮುಕಿಸಿ ಅಕ್ಕಿ ಹಾಕಿ, ಬಂದ ಕೆಲಸ ಆಯಿತು, ಹೋಗಿ ಬಾರಪ್ಪ, ಈ ಹೆಣ್ಣುಮಕ್ಕಳ ಕೈಗೆ ಕೆಲಸ ಹತ್ತಲಿ ಎಂದು ಹೇಳಿ, ಮೇಲಿನ ಸಾಲಿನ ಮೊದಲ ಇಟ್ಟಿಗೆಯನ್ನು ನಾನೇ ಎತ್ತಿದೆ. ಅಷ್ಟಾದದ್ದೇ ತಡ, ಎಲ್ಲರೂ ಕೈ ಹಚ್ಚಿದರು. ಮಾಸ್ತರು, ನಾಳೆಯಿಂದ ಕುಂಕುಮ ಕರಣಿಗೆ ಮಾತ್ರ ಹಚ್ಚಮ್ಮಾ ಅಂದರು. ಹಾಗೇ ಮಾಡಿದೆವು.

ಗೋಡೆ ಬಿಚ್ಚುವುದು ಬರೀ ಇಟ್ಟಿಗೆ ಉಳಿಸುವುದಕ್ಕೆ ಅಲ್ಲವೆಂದು ಅಂದೇ ನಮಗೆ ಗೊತ್ತಾದದ್ದು. ಮಾಸ್ತರು ಒಂದೊಂದು ಇಟ್ಟಿಗೆಯನ್ನೂ ಎತ್ತಿ, ಬುಡ ಮೇಲೆ ಮಾಡಿ, ಸಾಲಾಗಿ ನೆಲದ ಮೇಲಿಡಿಸಿದರು. ಮಾಲು ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿದಿಲ್ಲ ಎಂಬುದು ಅಲ್ಲಿ ಕಾಣುತ್ತದೆ. ಹೊರಗಿನಿಂದ ನೋಡಿದಾಗ ನನ್ನ ಕಡೆ ಸೊಟ್ಟ, ನೆಗೆಣ್ಣಿಯ ಕಡೆ ದಾರ ಹಿಡಿದಂತೆ ನೇರ. ಬಿಚ್ಚಿ ಮಗುಚಿದಾಗ ನನ್ನ ಇಟ್ಟಿಗೆಗಳ ಬುಡ ತುಂಬ ಮಾಲು ಮೆತ್ತಿತ್ತು, ಅವಳವು ಅಂಚಿನಲ್ಲಿ ಮಾತ್ರ ಬಿಳಿ, ನಡುವೆ ಕೆಂಪಗೆ ಬೋಳು. ಒಂದಲ್ಲ, ಅವಳಿಟ್ಟ ಎಲ್ಲವೂ. ಇಟ್ಟಿಗೆ ಇಟ್ಟಿಗೆಯ ನಡುವಿನ ಸಂದಿಯೂ ಒಳಗೆ ಟೊಳ್ಳು, ಹೊರಗೆ ಮಾತ್ರ ಬಳಿದಿತ್ತು.

ಮಾಸ್ತರಿಗೆ ಅರ್ಥವಾಗಲಿಲ್ಲ. ಸೈಟು ನೋಡದ ಹೊಸಬರು ಹೀಗೆ ಮಾಡಿದರೆ ಸರಿ, ಇಷ್ಟು ವರ್ಷ ಗೌಂಡಿಗಳ ಪಕ್ಕದಲ್ಲೇ ನಿಂತವಳು ನೀನು, ಯಾರಿಗೆ ಉಳಿಸಿದೆ ಆ ಮಾಲು ಎಂದು ಕೇಳಿದರು. ಪರೀಕ್ಷೆಗೆ ಬರುವವರು ಕಟ್ಟಿದ ಗೋಡೆಯ ಮೇಲಿನ ಇಟ್ಟಿಗೆ ಕಿತ್ತು ಬುಡ ನೋಡಿಯೇ ನೋಡುತ್ತಾರೆ, ಬೋಳು ಕಂಡರೆ ನೇರ ಇದ್ದರೂ ಫೇಲು ಎಂದರು. ಆಮೇಲೆ ಮೇಲೆ ಭಾರ ಬಿದ್ದಾಗ ಇಂಥ ಗೋಡೆ ಎಲ್ಲಿ ಬಿರಿಯುತ್ತದೆ ಎಂದು ಕೈಯಲ್ಲಿ ತೋರಿಸಿದರು.

ಅವಳು ಕರಣಿಯನ್ನು ಸೆರಗಿನಿಂದ ಒರೆಸುತ್ತಾ ನಿಂತಳು. ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಆಗ ಹುಡುಕಿಕೊಂಡು ಹೇಳಿದಳು.

"ಹಲಗಿ ಮ್ಯಾಲಿನ ಮಾಲು ಖಾಲಿ ಆದ್ರ ಮತ್ತ ಒಬ್ಬಾಕಿ ಹೊತಗೊಂಡು ಬರಬೇಕಲ್ರೀ, ಸರ," ಅಂದಳು. "ಅದಕ್ಕ ಕೈ ಹಿಂದ ಸರೀತೈತಿ."

ಮಾಸ್ತರು ಗದರಲಿಲ್ಲ. ಗೋಡೆಗೆ ಅದೆಲ್ಲ ತಿಳಿಯುವುದಿಲ್ಲಮ್ಮ, ಅದಕ್ಕೆ ಬೇಕಾದಷ್ಟು ಅದಕ್ಕೆ ಬೇಕೇ ಬೇಕು ಎಂದಷ್ಟೇ ಹೇಳಿ ಮುಂದಿನವಳ ಇಟ್ಟಿಗೆಗೆ ಹೋದರು.

ಕಾರಣ ಗೊತ್ತಾದರೆ ಕೈ ಸರಿಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹೋಗಲಿಲ್ಲ. ಮೂಲೆ ಕಟ್ಟುವುದು ಅವಳಿಗೆ ಬೇಗ ಬಂತು. ತೂಗುಗುಂಡು ಬಿಟ್ಟು ನೋಡಿದರೆ ದಾರ ಗೋಡೆಗೆ ಒಂದೇ ಸಮ. ಸಂಜೆ ಬಿಚ್ಚಿ ಮಗುಚಿದರೆ ಬೋಳು. ಬೆಳಿಗ್ಗೆ ಕೈ ತುಂಬಾ ಹಾಕುತ್ತಾಳೆ, ಪಕ್ಕದ ಹಲಗೆಯ ಮೇಲಿನ ಮಾಲಿನ ಗುಡ್ಡೆ ಕರಗುತ್ತಾ ಬಂದಂತೆ ಅವಳ ಕರಣಿ ಸಣ್ಣದಾಗುತ್ತದೆ, ತನಗೇ ಗೊತ್ತಿಲ್ಲದಂತೆ ಅಂಚಿಗೆ ಬಳಿದು ಮುಂದೆ ಹೋಗುತ್ತಾಳೆ. ಒಂದು ಸಂಜೆ ತನ್ನ ಇಟ್ಟಿಗೆಗಳನ್ನು ನೋಡುವುದೇ ಬೇಡವೆಂದು ಕಾಲಿನಿಂದ ಸರಿಸಿದಳು. ಆಮೇಲೆ ತಪ್ಪಾಯಿತೆಂದು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನಮ್ಮದು ಜೋಡಿ ಕೆಲಸ. ಒಬ್ಬರು ಕಟ್ಟುವಾಗ ಇನ್ನೊಬ್ಬರು ಮಾಲು ಕೊಡಬೇಕು, ಆಮೇಲೆ ಅದಲು ಬದಲು. ನಾನು ಅವಳ ಜೋಡಿ. ಬುಟ್ಟಿಯನ್ನು ನಾನು ಸೊಂಟದ ಮೇಲೆ ತರುತ್ತಿದ್ದೆ, ನಾಲ್ಕು ಹೆಜ್ಜೆ ದಾರಿ, ಏನೂ ಭಾರವಿಲ್ಲ. ಹಾಗೆಂದು ಎಷ್ಟು ಹೇಳಿದರೂ ಅವಳ ಕಿವಿಗೆ ಇಳಿಯುತ್ತಿತ್ತು, ಕೈಗೆ ಇಳಿಯುತ್ತಿರಲಿಲ್ಲ.

ಗೌಂಡಿ ಕೆಲಸ ನನಗೆ ಬರುವುದಿಲ್ಲ. ಬಡಿಸುವುದು ಬರುತ್ತದೆ. ಪಂಕ್ತಿಯಲ್ಲಿ ನಾಚಿಕೆಯವರು ಕೂತಿದ್ದರೆ ಅವರ ಎಲೆ ಖಾಲಿಯಾಗುವವರೆಗೆ ಕಾಯಬಾರದು. ಖಾಲಿಯಾದ ಎಲೆಯನ್ನು ನೋಡಿಕೊಂಡು ಅವರು ಕೈ ತೊಳೆಯುವ ಯೋಚನೆ ಮಾಡುತ್ತಾರೆ. ಅನ್ನ ಅರ್ಧ ಇರುವಾಗಲೇ, ಪಕ್ಕದವರ ಜೊತೆ ಮಾತಾಡುತ್ತಿರುವಾಗಲೇ, ಕೇಳದೆ ಬಡಿಸಿ ಮುಂದೆ ಹೋಗಬೇಕು. ನಾನು ಹಾಗೇ ಮಾಡಿದೆ. ಅವಳು ಇಟ್ಟಿಗೆ ಕೂರಿಸಲು ಬಾಗಿದಾಗ ಹಿಂದಿನಿಂದ ಹಲಗೆಗೆ ಒಂದು ಸಲಿಕೆ ಸುರಿದುಬಿಡುವುದು. ಗುಡ್ಡೆ ಕರಗುವುದು ಅವಳ ಕಣ್ಣಿಗೆ ಕಾಣಿಸುವುದೇ ಇಲ್ಲ. ಆ ಸಂಜೆ ಬಿಚ್ಚಿದಾಗ ಅವಳ ಇಟ್ಟಿಗೆಗಳ ಬುಡ ಬೆಳ್ಳಗೆ ತುಂಬಿತ್ತು. ಅವಳೇ ನಂಬದೆ ಇನ್ನೊಂದು ಸಾಲು ಬಿಚ್ಚಿ ನೋಡಿದಳು.

ಕೆಲವು ದಿನ ಹೀಗೆ ನಡೆಯಿತು. ಮಾಸ್ತರು ದೂರದಿಂದ ನೋಡುತ್ತಿದ್ದರು. ಒಂದು ದಿನ ನನ್ನನ್ನು ಕರೆದು, ನೀನು ಮಾಡುತ್ತಿರುವುದು ಒಳ್ಳೆಯದೇ, ಆದರೆ ಪರೀಕ್ಷೆಯ ದಿನ ಮಾಲು ಕೊಡುವವನು ಕೇಂದ್ರದ ಆಳು, ಕೇಳಿದರೆ ಕೊಡುತ್ತಾನೆ, ಕೇಳದಿದ್ದರೆ ನಿಂತಿರುತ್ತಾನೆ, ನೀನೂ ಆವತ್ತು ನಿನ್ನ ಗೋಡೆಯ ಮುಂದೆ ಇರುತ್ತೀ ಎಂದರು. ಅಂದರೆ ಅವಳು ಕೇಳುವುದನ್ನು ಕಲಿಯಬೇಕಿತ್ತು.

ಸೈಟುಗಳಲ್ಲಿ ಗೌಂಡಿಗಳಿಗೆ ಒಂದು ಕೂಗಿದೆ. ಮಾಲು ಮುಗಿಯುತ್ತಿದ್ದಂತೆ ಮೇಲಿನಿಂದ "ಮಾಲ್!" ಎಂದು ಕೂಗುತ್ತಾರೆ, ಕೆಳಗಿದ್ದವರು ಓಡಬೇಕು. ಮನೆಯಲ್ಲಿ ಮೈದುನ ಅವಳಿಗೆ ಅದನ್ನು ಕಲಿಸಲು ಹೊರಟ. ಚಾ ಬೇಕಾದಾಗಲೆಲ್ಲ ಮಾಲ್ ಎಂದು ಕೂಗು, ತಂದುಕೊಡುತ್ತೇನೆ ಎಂದ. ಅವಳು ನಕ್ಕಳು, ಕೂಗಲಿಲ್ಲ.

"ಆ ಕೂಗು ನನ್ನ ಬಾಯಾಗ ಬರಂಗಿಲ್ಲಕ್ಕಾ," ಎಂದು ಆಮೇಲೆ ನನ್ನ ಬಳಿ ಹೇಳಿದಳು. "ಅದನ್ನ ಕೇಳಿ ಕೇಳಿ ನಾ ಓಡೇನಿ."

"ಕೂಗಬ್ಯಾಡ. ಕೇಳು," ಅಂದೆ. "ಊಟಕ್ಕ ಕುಂತಾಗ ಅನ್ನ ಬೇಕಾದ್ರ ಕೇಳಂಗಿಲ್ಲೇನು?"

"ಯಾವಾಗರ ಕೇಳೇನೇನು ನಾನು?"

ನೆನಪು ಮಾಡಿಕೊಂಡೆ. ಕೇಳಿರಲಿಲ್ಲ. ಇಷ್ಟು ವರ್ಷ ಅವಳ ತಾಟಿಗೆ ನಾನೇ ನೋಡಿ ನೋಡಿ ಹಾಕಿದ್ದೆ. ಅಂದಿನಿಂದ ಬೇಕೆಂದೇ ಹಾಕುವುದನ್ನು ನಿಲ್ಲಿಸಿದೆ. ಮೊದಲ ದಿನ ಅವಳು ಒಂದೇ ರೊಟ್ಟಿ ತಿಂದು ಎದ್ದಳು, ಎರಡನೆಯ ದಿನವೂ ಎದ್ದಳು. ನಾನು ಕೈ ಕಟ್ಟಿಕೊಂಡು ಕೂತೆ. ಆಮೇಲೊಂದು ದಿನ ಗೋಡೆಯ ಕಡೆ ನೋಡಿಕೊಂಡು, "ಪಲ್ಯ ಐತೇನು?" ಅಂದಳು. ಇತ್ತು. ಅದಕ್ಕಿಂತ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಬಂತು.

ಪರೀಕ್ಷೆಯ ದಿನ ಸೋಮವಾರವಾದದ್ದು ನನಗೆ ಸಮಾಧಾನ ತಂದಿತು. ಉಪವಾಸ ಇದ್ದೆ. ಇಬ್ಬರೂ ವಿಭೂತಿ ಹಚ್ಚಿಕೊಂಡು ಹೋದೆವು. ಪರೀಕ್ಷಕರು ಬೇರೆ ಊರಿನಿಂದ ಬಂದವರು, ನಗುತ್ತಲೂ ಇರಲಿಲ್ಲ, ಗದರುತ್ತಲೂ ಇರಲಿಲ್ಲ. ಮೊದಲು ಬಾಯಿ ಪ್ರಶ್ನೆ. ಇಟ್ಟಿಗೆಗೆ ನೀರು ಯಾಕೆ ಎಂದು ನನಗೇ ಬಂತು, ರೊಟ್ಟಿಯ ಮಾತು ತೆಗೆಯದೆ ಸರಿಯಾಗಿ ಹೇಳಿದೆ. ಆಮೇಲೆ ಒಬ್ಬೊಬ್ಬರಿಗೂ ಒಂದು ಮೂಲೆ ಗೋಡೆ. ಮಾಲು ಕೊಡಲು ಕೇಂದ್ರದ ಆಳು ಒಬ್ಬನೇ, ಎಲ್ಲರ ನಡುವೆ ಸಲಿಕೆ ಹಿಡಿದು ನಿಂತಿದ್ದ. ಶೆಡ್ಡಿನ ಮೂಲೆಯಲ್ಲಿ ಮಾಲು ಕಲಸುವ ಯಂತ್ರ ಗಡಗಡ ತಿರುಗುತ್ತಿತ್ತು.

ನನ್ನ ಗೋಡೆ ಅವಳ ಎದುರಿಗೆ. ನಾನು ಕಟ್ಟುತ್ತಿದ್ದೆ ಎನ್ನುವುದಕ್ಕಿಂತ ಅವಳನ್ನು ನೋಡುತ್ತಿದ್ದೆ ಎನ್ನುವುದು ಸರಿ. ಅರ್ಧಕ್ಕಿಂತ ಹೆಚ್ಚು ಎದ್ದಿತ್ತು ಅವಳ ಗೋಡೆ. ಹಲಗೆಯ ಮೇಲೆ ಗುಡ್ಡೆ ಕರಗಿತು. ಅವಳು ಹಲಗೆ ಕೆರೆದಳು. ಕರಣಿಯ ತುದಿಗೆ ಬಂದ ಇಷ್ಟನ್ನು ಇಟ್ಟಿಗೆಯ ಅಂಚಿಗೆ ಬಳಿದು, ಮುಂದಿನ ಇಟ್ಟಿಗೆ ಕೈಗೆ ತೆಗೆದುಕೊಂಡಳು. ನನ್ನ ಬಾಯಲ್ಲಿ ಶಿವ ಶಿವ ಎಂಬುದು ತಾನಾಗಿ ನಡೆಯುತ್ತಿತ್ತು. ಕೂರಿಸುವುದಕ್ಕೆ ಬಾಗಿದವಳು ನಿಂತಳು. ಇಟ್ಟಿಗೆಯನ್ನು ಕೆಳಗಿಟ್ಟಳು. ಬಳಿದದ್ದನ್ನು ಕೆರೆದು ತೆಗೆದಳು.

"ಅಣ್ಣಾ, ಮಾಲು ಬೇಕಿತ್ರೀ," ಅಂದಳು, ನೆಲಕ್ಕೆ.

ಯಂತ್ರದ ಸದ್ದಿನಲ್ಲಿ ಆಳಿಗೆ ಕೇಳಲಿಲ್ಲ. ಅವನು ಬೇರೆ ಕಡೆ ನೋಡುತ್ತಿದ್ದ. ಅವಳು ತಲೆ ಎತ್ತಿದಳು.

"ಯಣ್ಣಾ, ಮಾಲ್ ತಾರೋ!"

ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೇಟಿನ ಚಾಚಾ ಕೂಡ ಬಾಗಿಲಲ್ಲಿ ಇಣುಕಿದರು. ಆಳು ಬುಟ್ಟಿ ತಂದು ಸುರಿದ. ಅವಳು ಸುರಿಸಿಕೊಂಡಳು, ಇನ್ನೊಂದು ಬುಟ್ಟಿ ಹತ್ತಿರ ಇಟ್ಟುಹೋಗೆಂದು ಕೈಯಲ್ಲೇ ಸನ್ನೆ ಮಾಡಿದಳು.

ಪರೀಕ್ಷಕರು ತೂಗುಗುಂಡು ಬಿಟ್ಟರು, ಮಟ್ಟ ಹಿಡಿದರು, ಆಮೇಲೆ ಮೇಲಿನಿಂದ ಇಟ್ಟಿಗೆ ಕಿತ್ತು ಮಗುಚಿದರು. ಅವಳದು ತುಂಬಿತ್ತು. ನನ್ನ ಗೋಡೆಯ ಬಳಿ ಬಂದಾಗ ಕಿತ್ತು ನೋಡುವ ಅಗತ್ಯ ಬೀಳಲಿಲ್ಲ. ಗುಂಡು ಬಿಟ್ಟ ಕೂಡಲೆ ದಾರ ಗೋಡೆಯಿಂದ ಬೆರಳಗಲ ದೂರ ನಿಂತಿತು. ಅವಳು ಪಾಸು, ನಾನು ಫೇಲು. ಬಾಯಿ ಪ್ರಶ್ನೆಯಲ್ಲಿ ಮಾತ್ರ ನನಗೇ ಹೆಚ್ಚು ಬಂದಿತ್ತೆಂದು ಮಾಸ್ತರು ಆಮೇಲೆ ಹೇಳಿದರು. ನಾನು ಫೇಲಾದ ವಿಷಯ ಮೈದುನನಿಗೆ ನಾವು ಇನ್ನೂ ಹೇಳಿಲ್ಲ.

ಸರ್ಟಿಫಿಕೇಟು ಕೈಗೆ ಬಂದ ಮೇಲೆ ಮೇಸ್ತ್ರಿ ಮಾತಿಗೆ ತಪ್ಪಲಿಲ್ಲ. ಆದರೆ ಹೊರಗೋಡೆ ಕೊಡಲಿಲ್ಲ, ಬಚ್ಚಲುಮನೆಗಳ ಒಳಗೋಡೆ ಕೊಟ್ಟ. ನಾಳೆ ಟೈಲ್ಸು ಅಂಟಿಸಿ ಮುಚ್ಚುವ ಗೋಡೆ, ಯಾರೂ ನೋಡುವುದಿಲ್ಲ. ಕೊಟ್ಟನಲ್ಲ ಎಂದೆ ನಾನು. ಅವಳೂ ಹಾಗೇ ಅಂದಳು.

ಮೊದಲ ದಿನ ಕೆಲಸದಿಂದ ಬಂದವಳು ಕಾಲು ಚಾಚಿ ಕೂತು ಹೇಳಿದ್ದು ಬೇರೆ. ಅವಳಿಗೆ ಮಾಲು ಹೊತ್ತು ತಂದದ್ದು ಯಾದಗಿರಿ ಕಡೆಯ ಒಬ್ಬಾಕೆ, ಇವಳಿಗಿಂತ ವಯಸ್ಸಿನಲ್ಲಿ ಹಿರಿಯಳು. ಬುಟ್ಟಿ ತುಂಬ ತಂದಳಂತೆ. ಇವಳಿಗೆ ತಡೆಯಲಾಗಲಿಲ್ಲ.

"ಅರ್ಧ ಬುಟ್ಟಿ ತಾರಬೇ ಯಕ್ಕಾ, ಎರಡ ಸಲ ಬಾ," ಅಂದಳಂತೆ.

"ಎರಡ ಸಲ ಪಾವಟಿಗಿ ಏರಾಕ ಕಾಲು ನೀ ಕೊಡ್ತೀಯೇನು?" ಎಂದಳಂತೆ ಆಕೆ. "ಬಾಳ ಕನಿಕರ ಇದ್ರ ಕರಣಿ ಇಟ್ಟು ಕೆಳಗ ಬಾ, ಹೊರು."

ಅದನ್ನು ಹೇಳುವಾಗ ನೆಗೆಣ್ಣಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಬುಟ್ಟಿಗಿಂತ ಮೆಟ್ಟಿಲು ಕಷ್ಟ ಎಂದು ಹೊತ್ತವಳಾಗಿ ತನಗೇ ಗೊತ್ತಿರಬೇಕಿತ್ತು ಅಂದಳು. ಎರಡು ದಿನ ಬಿಟ್ಟು ಅವಳು ಮೇಸ್ತ್ರಿಯ ಹತ್ತಿರ ಹೋದಳು. ಮರಳು ಸಿಮೆಂಟು ಹೇಗೂ ಲಿಫ್ಟಿನಲ್ಲಿ ಮೇಲೆ ಬರುತ್ತದೆ, ನಾನು ಕಟ್ಟುವ ಮಾಳಿಗೆಯಲ್ಲೇ ಮಾಲು ಕಲಸಿಸಿರಿ, ಕೆಳಗಿನಿಂದ ಹೊರುವುದು ಬೇಡ ಎಂದು ಕೇಳಿದಳು. ನಿನ್ನೆಯವರೆಗೆ ಬುಟ್ಟಿ ಹೊತ್ತವಳು ಇವತ್ತು ಹುಕುಂ ಮಾಡುತ್ತೀಯಾ ಎಂದು ಅವನು ಗೊಣಗಿದನಂತೆ. ಇವಳು ಅಲ್ಲೇ ನಿಂತಳಂತೆ. ಗೊಣಗಿಕೊಂಡೇ ಕಲಸಿಸಿದ. ಕೆಲಸ ಬೇಗ ಸಾಗಿದ್ದು ನೋಡಿ ಪಕ್ಕದ ಮಾಳಿಗೆಯಲ್ಲೂ ಹಾಗೇ ಮಾಡಿಸಿದನಂತೆ, ಅದನ್ನು ತನ್ನದೇ ಉಪಾಯವೆಂದು ಇಂಜಿನಿಯರಿಗೆ ಹೇಳಿದನಂತೆ. ಹೇಳಿಕೊಳ್ಳಲಿ.

ಅವಳ ಕತ್ತು ಪೂರ್ತಿ ವಾಸಿಯಾಗಿಲ್ಲ. ಚಳಿಗಾಲದಲ್ಲಿ ನೋಯುತ್ತದೆ. ಕೈಯ ಜೋಮು ಮಾತ್ರ ಹೋಗಿದೆ. ಬೆಳಿಗ್ಗೆ ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅವಳು ಕನ್ನಡಿಯ ಮುಂದೆ ನಿಂತು, ಎರಡೂ ಕೈ ಮೇಲೆತ್ತಿ, ತನ್ನ ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಸ್ವಲ್ಪ ಸೊಟ್ಟ ಬರುತ್ತದೆ. ಬಿಚ್ಚಿ ಸರಿಮಾಡಲು ನಾನು ಹೋಗುವುದಿಲ್ಲ.